ಚಪ್ಪರ ಯಾರ ತಲೆಯ ಮೇಲೆ?

ಒಳ್ಳೆಯ ನಾಯಕನಲ್ಲಿ ಏನಿರಬೇಕು ಎಂದು ಕೇಳಿದರೆ ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ. ದೂರದೃಷ್ಟಿ, ಧೈರ್ಯ, ಮಾತುಗಾರಿಕೆ, ನಿರ್ಧಾರ ಶಕ್ತಿ, ಜನರನ್ನು ಸೆಳೆಯುವ ಗುಣ. ಶಾಲೆಯ ಪ್ರಬಂಧದಲ್ಲಿ ಇದೇ ಪಟ್ಟಿ, ಕಂಪನಿಯ ತರಬೇತಿ ಶಿಬಿರದಲ್ಲಿ ಇದೇ ಪಟ್ಟಿ, ಅಭಿನಂದನ ಗ್ರಂಥದ ಮುನ್ನುಡಿಯಲ್ಲೂ ಇದೇ ಪಟ್ಟಿ. ಪಟ್ಟಿ ಸುಳ್ಳೇನಲ್ಲ. ಆದರೆ ಈ ಗುಣಗಳೆಲ್ಲ ಸಾಲಾಗಿ ಕುಳಿತಿದ್ದ ಒಂದು ವೇದಿಕೆಯ ಎದುರಿನಲ್ಲೇ ಹದಿನಾಲ್ಕು ಜನ ಬಿಸಿಲಿಗೆ ಬೆಂದು ಸತ್ತರು. ಅದರ ನಂತರವೂ ಪಟ್ಟಿ ಬದಲಾಗಲಿಲ್ಲ.

2023ರ ಏಪ್ರಿಲ್ 16, ಭಾನುವಾರ. ನವಿ ಮುಂಬಯಿಯ ಖಾರಘರ, ಕಾರ್ಪೊರೇಟ್ ಪಾರ್ಕ್ ಮೈದಾನ. ಮಹಾರಾಷ್ಟ್ರ ಸರಕಾರದ ಅತ್ಯುನ್ನತ ಗೌರವವಾದ ‘ಮಹಾರಾಷ್ಟ್ರ ಭೂಷಣ’ ಪ್ರಶಸ್ತಿಯನ್ನು ರಾಯಗಡ ಜಿಲ್ಲೆಯ ರೇವದಂಡದ ಅಪ್ಪಾಸಾಹೇಬ ಧರ್ಮಾಧಿಕಾರಿ ಅವರಿಗೆ ಕೊಡುವ ಸಮಾರಂಭ. ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರೇ ಪ್ರಶಸ್ತಿ ಪ್ರದಾನ ಮಾಡಿದರು. ಮುಖ್ಯಮಂತ್ರಿ ಏಕನಾಥ ಶಿಂದೆ, ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಜೊತೆಗಿದ್ದರು. ಧರ್ಮಾಧಿಕಾರಿ ಅವರು ವ್ಯಸನಮುಕ್ತಿ, ಗಿಡ ನೆಡುವುದು, ರಕ್ತದಾನ, ಊರು ಗುಡಿಸುವ ಅಭಿಯಾನಗಳಿಂದ ಹೆಸರಾದವರು. ಅವರ ತಂದೆ ನಾನಾಸಾಹೇಬರಿಗೂ ಮರಣೋತ್ತರವಾಗಿ ಇದೇ ಪ್ರಶಸ್ತಿ ಸಂದಿತ್ತು. ರಾಜ್ಯದ ಮೂಲೆ ಮೂಲೆಯಿಂದ ಲಕ್ಷಾಂತರ ಅನುಯಾಯಿಗಳು ಬಂದಿದ್ದರು. ಎಷ್ಟೋ ಜನ ಹಿಂದಿನ ರಾತ್ರಿಯೇ ಬಂದು ಜಾಗ ಹಿಡಿದಿದ್ದರು.

ವೇದಿಕೆಯ ಮೇಲೆ ಚಪ್ಪರವಿತ್ತು. ಜನರ ತಲೆಯ ಮೇಲೆ ಬರೀ ಆಕಾಶ. ಹತ್ತಿರದ ಹವಾಮಾನ ಕೇಂದ್ರ ದಾಖಲಿಸಿದ್ದು 38 ಡಿಗ್ರಿ. ವಿದರ್ಭದವರಿಗೆ, ಕಲಬುರಗಿ–ರಾಯಚೂರಿನವರಿಗೆ ಈ ಅಂಕಿ ದೊಡ್ಡದಾಗಿ ಕಾಣದು. ಆದರೆ ಖಾರಘರ ಇರುವುದು ಖಾಡಿಯ ಪಕ್ಕದಲ್ಲಿ. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿತೆಂದರೆ ಮೊದಲು ಮಂಕು ಕವಿಯುತ್ತದೆ, ಮಾತು ತೊದಲುತ್ತದೆ, ಆಮೇಲೆ ಮೂತ್ರಪಿಂಡ, ಯಕೃತ್ತು, ಹೃದಯ ಒಂದೊಂದಾಗಿ ಸೋಲುತ್ತವೆ. ವಯಸ್ಸಾದವರಲ್ಲಿ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರಲ್ಲಿ ಇದು ಇನ್ನೂ ಬೇಗ. ಸಮಾರಂಭ ಮಧ್ಯಾಹ್ನ ಒಂದು ಗಂಟೆಯ ಹೊತ್ತಿನವರೆಗೆ ನಡೆಯಿತು. ಅಂದು ರಾತ್ರಿಯ ಲೆಕ್ಕಕ್ಕೆ ಹನ್ನೊಂದು ಸಾವು, ಮುಂದಿನ ದಿನಗಳಲ್ಲಿ ಹದಿನಾಲ್ಕು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು.

ಅದೇ ವೇದಿಕೆಯಿಂದ ಜನಸಾಗರದ ಹೊಗಳಿಕೆಯೂ ನಡೆದಿತ್ತು. ಅಷ್ಟು ಜನ ಸೇರಿದ್ದಕ್ಕೆ, ಅಷ್ಟು ಶಿಸ್ತಿನಿಂದ ಕುಳಿತದ್ದಕ್ಕೆ. ಶಿಸ್ತು ನಿಜವೇ. ಗುರುವಿಗೆ ಸನ್ಮಾನ ನಡೆಯುವಾಗ ನಡುವೆ ಎದ್ದು ಹೋಗುವುದು ಅಗೌರವ ಎಂದು ತಿಳಿದ ಹೆಂಗಸು ತಲೆ ಸುತ್ತಿದರೂ ಏಳುವುದಿಲ್ಲ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕೂರುತ್ತಾಳೆ. ಅವಳ ಆ ಶ್ರದ್ಧೆ ವೇದಿಕೆಯ ಮೇಲಿದ್ದವರ ಕಣ್ಣಿಗೆ ಬಿದ್ದದ್ದು ಸಂಖ್ಯೆಯಾಗಿ.

ನಾಯಕತ್ವದ ಮೊದಲ ಗುಣ ಇಲ್ಲಿದೆ, ಇಲ್ಲಿಯೇ ಅದು ಇರಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವನ ಮೈಗೆ ಏನಾಗುತ್ತಿದೆ ಎಂದು ಗೊತ್ತಿರುವುದು, ಗೊತ್ತಾದ ಕೂಡಲೇ ತನ್ನ ಕಾರ್ಯಕ್ರಮವನ್ನು ನಿಲ್ಲಿಸಬಲ್ಲವನಾಗಿರುವುದು. ಉಳಿದ ಗುಣಗಳೆಲ್ಲ ಇದರ ಮೇಲೆ ಕಟ್ಟಬೇಕಾದವು. ಇದಿಲ್ಲದ ದೂರದೃಷ್ಟಿ ಎದುರಿಗಿರುವವರನ್ನು ಕಾಣದ ಕುರುಡು. ಇದಿಲ್ಲದ ಮಾತುಗಾರಿಕೆ ಜನರನ್ನು ಇನ್ನಷ್ಟು ಹೊತ್ತು ಬಿಸಿಲಿನಲ್ಲಿ ಕೂರಿಸುವ ಕಸುಬು.

ಇದಕ್ಕೆ ಮೂರು ಸಮಾಧಾನಗಳು ಯಾವಾಗಲೂ ಸಿದ್ಧವಾಗಿರುತ್ತವೆ.

ಮೊದಲನೆಯದು, ಜನ ತಾವಾಗಿಯೇ ಬಂದರು, ಯಾರೂ ಕಟ್ಟಿ ಎಳೆದು ತರಲಿಲ್ಲ. ಸರಿ. ಆದರೆ ಯಾರಾದರೂ ನಂಬಿ ಬಂದರೆ ಹೊಣೆ ಇಳಿಯುತ್ತದೆಯೋ ಏರುತ್ತದೆಯೋ? ಹಣಕ್ಕೆ, ಬಿರಿಯಾನಿಗೆ ಲಾರಿ ಹತ್ತಿ ಬಂದವನು ಬಿಸಿಲು ಏರಿದರೆ ಎದ್ದು ಹೋಗಿಬಿಡುತ್ತಾನೆ, ಅವನನ್ನು ಅವನ ಲೆಕ್ಕಾಚಾರವೇ ಕಾಪಾಡುತ್ತದೆ. ಭಕ್ತಿಯಿಂದ ಬಂದವನಿಗೆ ಆ ಕಾವಲಿಲ್ಲ. ತನ್ನ ಮೈಯ ಮಾತನ್ನು ಬದಿಗಿಟ್ಟು ನಾಯಕನ ಮಾತಿಗೆ ಕಾಯುವವನನ್ನು ಎಬ್ಬಿಸಬಲ್ಲದ್ದು ನಾಯಕನ ಮಾತೊಂದೇ. ನಂಬಿಕೆಯನ್ನು ಆಸ್ತಿಯಂತೆ ಲೆಕ್ಕ ಹಾಕುವ ನಾಯಕರು ಬಹಳ. ಅದು ಸಾಲ. ಹೆಚ್ಚು ಜನ ನಂಬಿದಷ್ಟೂ ಸಾಲ ಹೆಚ್ಚು.

ಎರಡನೆಯದು, ನೀರು, ನೆರಳು, ಆಂಬುಲೆನ್ಸು ನೋಡಿಕೊಳ್ಳುವುದು ಅಧಿಕಾರಿಗಳ ಕೆಲಸ, ಮುಖ್ಯಮಂತ್ರಿ ಬಂದು ಕೊಡ ಎಣಿಸಬೇಕೇ? ಎಣಿಸಬೇಕಾಗಿಲ್ಲ. ಆದರೆ ಅಧಿಕಾರಿ ಯಾವುದನ್ನು ಎಣಿಸುತ್ತಾನೆ ಎಂಬುದನ್ನು ತೀರ್ಮಾನಿಸುವವನು ನಾಯಕನೇ. ಸಭೆಯ ಮೊದಲ ಪ್ರಶ್ನೆ ‘ಎಷ್ಟು ಬಸ್ಸು ಬರುತ್ತವೆ?’ ಎಂದಾದರೆ ಅಧಿಕಾರಿ ಬಸ್ಸು ಎಣಿಸುತ್ತಾನೆ. ‘ಹನ್ನೆರಡು ಗಂಟೆಗೆ ಬಿಸಿಲು ಎಷ್ಟಿರುತ್ತದೆ, ಎಷ್ಟು ಜನರಿಗೆ ನೆರಳಿದೆ?’ ಎಂದಾದರೆ ಚಪ್ಪರ ಎಣಿಸುತ್ತಾನೆ. ಖಾರಘರದಲ್ಲಿ ಚಪ್ಪರ ಹಾಕುವುದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ವೇದಿಕೆಗೆ ಹಾಕಿದ್ದರು. ಬಿಸಿಲು ಸುಡುತ್ತದೆ ಎಂಬ ತಿಳಿವಳಿಕೆ ಇತ್ತು, ಅದು ಯಾರನ್ನು ಸುಟ್ಟರೆ ತಪ್ಪು ಎಂಬ ತಿಳಿವಳಿಕೆ ಮಾತ್ರ ಅಂಕದ ಅಂಚಿಗೆ ಬಂದು ನಿಂತಿತ್ತು.

ಮೂರನೆಯದು, ಸಾವಿನಲ್ಲಿ ರಾಜಕೀಯ ಮಾಡಬೇಡಿ. ಈ ಮಾತಿಗೆ ಉತ್ತರ ಕೊಡುವ ಮುನ್ನ ಖಾರಘರದ ನಂತರ ನಡೆದದ್ದನ್ನು ಒಮ್ಮೆ ನೋಡಬೇಕು.

ಮುಖ್ಯಮಂತ್ರಿ ಅಂದೇ ಆಸ್ಪತ್ರೆಗೆ ಹೋದರು, ಸತ್ತವರ ಮನೆಯವರಿಗೆ ತಲಾ ಐದು ಲಕ್ಷ ರೂಪಾಯಿ ಘೋಷಿಸಿದರು. ಧರ್ಮಾಧಿಕಾರಿ ಅವರು ಇದು ತಮ್ಮ ಕುಟುಂಬಕ್ಕೇ ಬಂದ ಆಘಾತ ಎಂಬರ್ಥದ ಹೇಳಿಕೆ ಕೊಟ್ಟರು. ಪ್ರಶಸ್ತಿಯ 25 ಲಕ್ಷ ರೂಪಾಯಿಯನ್ನು ಅವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡುವುದಾಗಿ ಘೋಷಿಸಿದ್ದರು. ಉದ್ಧವ ಠಾಕ್ರೆ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಅಜಿತ ಪವಾರ ಅಂದು ರಾತ್ರಿಯೇ ಆಸ್ಪತ್ರೆಗೆ ಬಂದು ಸರಕಾರವನ್ನು ತರಾಟೆಗೆ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಹಿರಿಯ ಅಧಿಕಾರಿಯೊಬ್ಬರ ಏಕಸದಸ್ಯ ಸಮಿತಿ ನೇಮಕವಾಯಿತು. ಬಿಸಿಲು ಇಳಿಯುವ ತನಕ ಮಧ್ಯಾಹ್ನ 12ರಿಂದ 5ರವರೆಗೆ ಬಯಲಿನಲ್ಲಿ ಕಾರ್ಯಕ್ರಮ ಬೇಡ ಎಂಬ ತೀರ್ಮಾನವೂ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದೂ ಪೂರ್ತಿ ಹಾಕಿದ ಬಾಗಿಲಲ್ಲ, ಏಕೆಂದರೆ ಖಾರಘರದ ಜನ ಬಿಸಿಲಿಗೆ ಕುಳಿತದ್ದು ಬೆಳಿಗ್ಗೆಯಿಂದಲೇ.

ಆಮೇಲೆ 2023ರ ಜುಲೈ 2 ಬಂತು. ಅಜಿತ ಪವಾರ ಅದೇ ಏಕನಾಥ ಶಿಂದೆ ಸರಕಾರದಲ್ಲಿ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಏಪ್ರಿಲಿನಲ್ಲಿ ಪ್ರಶ್ನೆ ಕೇಳಿದವರು ಜುಲೈಯಲ್ಲಿ ಉತ್ತರ ಕೊಡಬೇಕಾದ ಕಡೆಗೆ ಹೋಗಿ ಕುಳಿತರು. ಎರಡೂವರೆ ತಿಂಗಳಷ್ಟೇ ಕಳೆದಿತ್ತು. ಸಾವಿನಲ್ಲಿ ರಾಜಕೀಯ ಬೇಡ ಎನ್ನುವವರಿಗೆ ಉತ್ತರ ಇದೇ: ಇಲ್ಲಿ ರಾಜಕೀಯ ಹೆಚ್ಚಾಗಿರಲಿಲ್ಲ, ತೀರ ಕಡಿಮೆಯಾಯಿತು. ಹೊಣೆ ಕೇಳುವ ಕೆಲಸಕ್ಕೇ ರಾಜಕೀಯ ಎಂದು ಹೆಸರು. ಆ ಕೆಲಸ ಮುಗಿಯುವ ಮೊದಲೇ ಕುರ್ಚಿಯ ಕೆಲಸ ಶುರುವಾಯಿತು.

ಮಹಾರಾಷ್ಟ್ರದ ಕಡೆಗೆ ಬೆರಳು ತೋರಿಸಿ ಕರ್ನಾಟಕದವರು ಸುಮ್ಮನೆ ಕೂರುವಂತಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ತಂಡ ಹದಿನೆಂಟು ವರ್ಷಗಳ ನಂತರ ಐಪಿಎಲ್ ಗೆದ್ದಿತು. ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸರಕಾರಿ ಸನ್ಮಾನ, ಆಮೇಲೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಎರಡು–ಮೂರು ಲಕ್ಷ ಜನ ಸೇರಿದ್ದರೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕು ಹನ್ನೊಂದು ಜನ ಸತ್ತರು. ಹೊರಗೆ ಹೆಣ ಬೀಳುತ್ತಿದ್ದಾಗ ಒಳಗೆ ಸಂಭ್ರಮ ನಡೆದಿತ್ತು. ಕುಂಭಮೇಳದಲ್ಲೂ ಜನ ಸತ್ತಿದ್ದಾರೆ ಎಂಬ ಹೋಲಿಕೆ ಮುಖ್ಯಮಂತ್ರಿಯ ಬಾಯಿಂದ ಬಂತು, ಇದು ಸಮರ್ಥನೆಗಾಗಿ ಅಲ್ಲ ಎಂಬ ಮಾತಿನ ಜೊತೆಗೆ. ಮರುದಿನ ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಪೊಲೀಸ್ ಅಧಿಕಾರಿಗಳು ಅಮಾನತಾದರು. ಹತ್ತು ಲಕ್ಷದ ಪರಿಹಾರ ಇಪ್ಪತ್ತೈದು ಲಕ್ಷಕ್ಕೆ ಏರಿತು. ಅದೇ ವರ್ಷ ಜನಸಂದಣಿ ನಿಯಂತ್ರಣಕ್ಕೆಂದು ಮಸೂದೆಯೂ ಬಂತು, ಆಯೋಜಕರಿಗೆ ಸೆರೆವಾಸ, ದಂಡ ಎಂದು. ಅದೇ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರಿಗಾಗಿ ಗಂಟೆಗಟ್ಟಲೆ ಕಾದ ಜನರಲ್ಲಿ 41 ಮಂದಿ ಕಾಲ್ತುಳಿತಕ್ಕೆ ಬಲಿಯಾದರು.

ಖಾರಘರದಲ್ಲಿ ಒಂದು ಕೂಟದ ಸರಕಾರ, ಬೆಂಗಳೂರಿನಲ್ಲಿ ಅದರ ಎದುರಾಳಿ ಪಕ್ಷದ ಸರಕಾರ, ಕರೂರಿನಲ್ಲಿ ಇನ್ನೂ ಅಧಿಕಾರವನ್ನೇ ಕಾಣದಿದ್ದ ಹೊಸ ಪಕ್ಷ. ಒಂದು ಕಡೆ ಭಕ್ತಿ, ಒಂದು ಕಡೆ ಕ್ರಿಕೆಟ್ಟು, ಒಂದು ಕಡೆ ಸಿನಿಮಾ. ಬಾವುಟ ಬೇರೆ, ಬಣ್ಣ ಬೇರೆ. ಮೂರು ಕಡೆಯೂ ಒಂದೇ ಆಗಿದ್ದದ್ದು ನಾಯಕನನ್ನು ಅಳೆಯುವ ಕೋಲು: ಎಷ್ಟು ಜನ ಸೇರಿದರು? ಈ ಕೋಲು ಇರುವ ತನಕ ಜನ ನಾಯಕನ ಕಣ್ಣಿಗೆ ಕಚ್ಚಾಮಾಲು. ಕಚ್ಚಾಮಾಲು ಹೆಚ್ಚಾದಷ್ಟೂ ಖುಷಿ, ಅದರಲ್ಲಿ ಸ್ವಲ್ಪ ಹಾಳಾದರೆ ವಿಷಾದ, ಪರಿಹಾರ, ಮುಂದಿನ ಕಾರ್ಯಕ್ರಮ.

ಹೊಣೆ ಹೊರುವುದು ಹೇಗೆಂದು ಈ ದೇಶಕ್ಕೆ ತಿಳಿಯದ ವಿಷಯವಲ್ಲ. 1956ರಲ್ಲಿ ಮೆಹಬೂಬನಗರದ ರೈಲು ಅಪಘಾತವಾದಾಗ ರೈಲ್ವೆ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅರಿಯಲೂರಿನ ಅಪಘಾತವಾದಾಗ ಮತ್ತೆ ಕೊಟ್ಟರು, ಈ ಸಲ ಒಪ್ಪಲೇಬೇಕಾಯಿತು. ಶಾಸ್ತ್ರಿಯವರು ರೈಲು ಓಡಿಸುತ್ತಿರಲಿಲ್ಲ, ಸೇತುವೆ ಕಾಯುತ್ತಿರಲಿಲ್ಲ. ಕೆಳಗಿನವನನ್ನು ಅಮಾನತು ಮಾಡಿ ಮೇಲಿನವನು ಉಳಿಯುವ ದಾರಿ ಆಗಲೂ ಇತ್ತು. ಅದನ್ನು ಅವರು ಹಿಡಿಯಲಿಲ್ಲ.

ರಾಜೀನಾಮೆಗಿಂತ ಕಷ್ಟದ, ಚಪ್ಪಾಳೆ ಇಲ್ಲದ ದಾರಿಯೂ ಒಂದಿದೆ. 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿ ಬೀಸಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಸಾವುಗಳಾದವೆಂದು ಆಮೇಲೆ ಲೆಕ್ಕ ಹಾಕಿದರು. ಅದರ ಪಾಠವಾಗಿ 2013ರಲ್ಲಿ ಆ ನಗರಪಾಲಿಕೆ ಬಿಸಿಲಿನ ವಿರುದ್ಧ ಕ್ರಿಯಾಯೋಜನೆಯೊಂದನ್ನು ಜಾರಿಗೆ ತಂದಿತು, ದಕ್ಷಿಣ ಏಷ್ಯಾದ ನಗರಗಳಲ್ಲಿ ಮೊದಲನೆಯದು. ತಾಪಮಾನ ಏರುವ ಮುನ್ಸೂಚನೆ ಬಂದರೆ ಯಾರು ಯಾರಿಗೆ ತಿಳಿಸಬೇಕು, ಆಸ್ಪತ್ರೆ ಹೇಗೆ ಸಿದ್ಧವಾಗಬೇಕು, ನೀರು ಎಲ್ಲಿ ಸಿಗಬೇಕು ಎಂಬ ವಿವರಗಳು. ಕೇಳಲು ಸಪ್ಪೆ. ಅದಕ್ಕೆ ಹಾರ ಹಾಕಿದವರು ಕಡಿಮೆ, ಅದರಿಂದ ಉಳಿದವರಿಗೆ ತಾವು ಉಳಿದದ್ದೇ ಗೊತ್ತಿಲ್ಲ. ಸಾಯದೇ ಉಳಿದವರ ಮೆರವಣಿಗೆ ಎಲ್ಲೂ ಹೊರಡುವುದಿಲ್ಲ. ಅಂಥ ಕೆಲಸಕ್ಕೆ ಕೈ ಹಾಕುವುದೇ ನಾಯಕತ್ವ.

ಕನ್ನಡದವರು ಉದಾಹರಣೆಗೆ ದೂರ ಹೋಗಬೇಕಾಗಿಯೂ ಇಲ್ಲ. ಮುಂಬಯಿಗೆ ಬಂದ ಕರಾವಳಿಯ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು ದುಡಿಯುತ್ತಿದ್ದ ಕಾಲದಲ್ಲಿ ಅವರಿಗಾಗಿ ಕನ್ನಡ ರಾತ್ರಿಶಾಲೆಗಳು ಹುಟ್ಟಿದವು. ಅವುಗಳನ್ನು ಕಟ್ಟಿದವರು ಮಾಡಿದ ದೊಡ್ಡ ಕೆಲಸ ಕಟ್ಟಡವಲ್ಲ, ಗಡಿಯಾರ. ಪಾಠ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂಬುದನ್ನು ಮೇಷ್ಟರ ಅನುಕೂಲದಿಂದಾಗಲಿ, ಸಂಘದ ಅಧ್ಯಕ್ಷರ ಅನುಕೂಲದಿಂದಾಗಲಿ ಗೊತ್ತು ಮಾಡಲಿಲ್ಲ. ಹೋಟೆಲಿನ ಹುಡುಗನ ಕೈ ಯಾವಾಗ ಬಿಡುವಾಗುತ್ತದೋ ಆಗ ಪಾಠ. ಕೊನೆಯ ಸಾಲಿನವನ ಹೊತ್ತಿಗೆ ತನ್ನ ಹೊತ್ತನ್ನು ಹೊಂದಿಸಿಕೊಂಡವನು ನಾಯಕ. ಆ ಶಾಲೆಗಳಲ್ಲಿ ಓದಿದವರು ಮುಂದೆ ವಕೀಲರಾದರು, ಬ್ಯಾಂಕು ಸೇರಿದರು, ಹೋಟೆಲಿನ ಮಾಲೀಕರಾದರು.

ಕಾರ್ನಾಡ ಸದಾಶಿವರಾಯರನ್ನೂ ಇಲ್ಲಿ ನೆನೆಯಬೇಕು. ಮಂಗಳೂರಿನ ಸಿರಿವಂತ ಮನೆತನದ ವಕೀಲರು, ಗಾಂಧೀಜಿಯ ಸತ್ಯಾಗ್ರಹಕ್ಕೆ ಕರ್ನಾಟಕದಿಂದ ಮೊದಲು ಮುಂದೆ ಬಂದವರಲ್ಲಿ ಒಬ್ಬರು. ವಿಧವೆಯರಿಗೆ, ದಲಿತ ಮಕ್ಕಳಿಗೆ, ಸ್ವಾತಂತ್ರ್ಯ ಚಳವಳಿಗೆ ಎಂದು ಆಸ್ತಿಯನ್ನು ಸುರಿದು ಬರಿಗೈಯಾದರು. 1936ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಫೈಜಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನ ಅದು, ಬಿದಿರಿನಿಂದ ಎಬ್ಬಿಸಿದ ಊರು. ರಾಯರು ಅಲ್ಲಿಗೆ ಹೋಗಿ ಜನರ ನಡುವೆ ಇದ್ದರು. ಅಲ್ಲಿಂದ ಕಾಯಿಲೆ ಹತ್ತಿಸಿಕೊಂಡು ಬಂದವರು 1937ರ ಜನವರಿ 9ರಂದು ತೀರಿಕೊಂಡರು. ನಾಯಕನಾದವನು ಸಾಯಬೇಕು ಎಂದು ಯಾರೂ ಕೇಳುತ್ತಿಲ್ಲ. ಹವಾಮಾನ ಕೆಟ್ಟಾಗ ಅದು ಮೊದಲು ಯಾರ ಮೈಗೆ ತಾಗುತ್ತಿತ್ತು, ಈಗ ಯಾರ ಮೈಗೆ ತಾಗುತ್ತದೆ ಎಂಬುದನ್ನು ಹೋಲಿಸಿ ನೋಡಿದರೆ ಸಾಕು. ಇಂದು ಬೆಂಗಳೂರಿನ ಸದಾಶಿವನಗರ ಅವರ ಹೆಸರು ಹೊತ್ತಿದೆ. ರಾಜ್ಯದ ದೊಡ್ಡ ದೊಡ್ಡ ನಾಯಕರ ಬಂಗಲೆಗಳೂ ಅದೇ ಬಡಾವಣೆಯಲ್ಲಿವೆ.

ಅದು ಹಳೆಯ ಕಾಲ, ಈಗ ಅಂಥವರು ಎಲ್ಲಿ ಎಂದು ಕೇಳುವವರು ತಮ್ಮ ಸಂಘದ ವಾರ್ಷಿಕೋತ್ಸವವನ್ನೊಮ್ಮೆ ನೋಡಿಕೊಳ್ಳಲಿ. ಆಮಂತ್ರಣದಲ್ಲಿ ನಾಲ್ಕು ಗಂಟೆ. ಮುಖ್ಯ ಅತಿಥಿ ಆರಕ್ಕೆ. ಅಲ್ಲಿಯವರೆಗೆ ಗೆಜ್ಜೆ ಕಟ್ಟಿ, ಮುಖಕ್ಕೆ ಬಣ್ಣ ಬಳಿದ ಮಕ್ಕಳು ಮೂಲೆಯಲ್ಲಿ ಬೆವರುತ್ತಾ ಕೂರುತ್ತಾರೆ, ಬಣ್ಣ ಹಾಳಾಗುತ್ತದೆ ಎಂದು ಅವರಿಗೆ ನೀರನ್ನೂ ಯೋಚಿಸಿ ಕೊಡುತ್ತಾರೆ. ವೇದಿಕೆಯ ಮೇಲೆ ಇಪ್ಪತ್ತು ಕುರ್ಚಿ, ಎರಡು ಕೂಲರು. ಸಭೆಯಲ್ಲಿ ಅಜ್ಜಂದಿರು ಆಮಂತ್ರಣ ಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಳ್ಳುತ್ತಾರೆ. ಶಾಲು, ಹಾರ, ಪೇಟ, ಫಲತಾಂಬೂಲ, ಸ್ಮರಣಿಕೆ, ಫೋಟೋ. ಮಕ್ಕಳ ನೃತ್ಯಕ್ಕೆ ಉಳಿಯುವುದು ಐದು ನಿಮಿಷ. ಇಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಖಾರಘರದ ಪಾಠದ ಮೊದಲ ಪುಟ ಇಂಥ ಕಡೆಯೇ ಬರೆಯಲ್ಪಡುತ್ತದೆ. ಕಾಯಿಸುವುದು ದೊಡ್ಡಸ್ತಿಕೆ, ಕಾಯುವುದು ಕರ್ತವ್ಯ ಎಂಬ ಪಾಠ. ನೂರು ಜನರ ಸಭಾಂಗಣದಲ್ಲಿ ಅದನ್ನು ಒಪ್ಪಿಕೊಂಡವರೇ ಹತ್ತು ಲಕ್ಷದ ಮೈದಾನದಲ್ಲೂ ಒಪ್ಪಿಕೊಳ್ಳುತ್ತಾರೆ, ಆ ಕಡೆ ಕುಳಿತವರಾಗಿ ಇಲ್ಲವೇ ಈ ಕಡೆ ಕುಳಿತವರಾಗಿ.

ಹಾಗಾದರೆ ಏನು ಮಾಡಬೇಕು? ನಾಯಕರ ಮನಸ್ಸು ಕರಗಲಿ ಎಂದು ಹಾರೈಸುವುದರಿಂದ ಯಾರೂ ಉಳಿಯುವುದಿಲ್ಲ. ಮನಸ್ಸಿಗಿಂತ ಮೈ ಬೇಗ ಕಲಿಯುತ್ತದೆ. ಆದ್ದರಿಂದ ನಿಯಮ ಹೀಗಿರಲಿ. ಸರಕಾರದ ದುಡ್ಡಿನಲ್ಲಿ ನಡೆಯುವ ಯಾವುದೇ ಬಯಲು ಸಭೆಯಲ್ಲಿ ಕೊನೆಯ ಸಾಲಿಗೆ ಇಲ್ಲದ ನೆರಳು ವೇದಿಕೆಗೂ ಇರಬಾರದು. ಜನರಿಗೆ ಚಪ್ಪರ ಹಾಕಲು ಸಾಧ್ಯವಿಲ್ಲದಷ್ಟು ಜನ ಬರುತ್ತಾರೆಂದರೆ, ಗೃಹ ಸಚಿವರೂ ಮುಖ್ಯಮಂತ್ರಿಯೂ ಸನ್ಮಾನಿತರೂ ಅದೇ ಬಿಸಿಲಿನಲ್ಲಿ ಕೂರಲಿ. ಹಾಗೆಂದು ನಿಯಮವಾದ ದಿನ ಏಪ್ರಿಲ್ ಮಧ್ಯಾಹ್ನದ ಸಮಾರಂಭಗಳು ತಾವಾಗಿಯೇ ಸಂಜೆಗೆ ಸರಿಯುತ್ತವೆ, ಭಾಷಣಗಳು ತಾವಾಗಿಯೇ ಹತ್ತು ನಿಮಿಷಕ್ಕೆ ಇಳಿಯುತ್ತವೆ.

ಎರಡನೆಯದಾಗಿ, ಸಭೆ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವ ಒಬ್ಬ ವೈದ್ಯನ ಕೈಯಲ್ಲಿರಲಿ, ಅವನ ಮಾತಿಗೆ ಮೈಕಿನ ಮುಂದೆ ನಿಂತವನು ಯಾರೇ ಆದರೂ ಬಗ್ಗಲಿ. ಮೂರನೆಯದಾಗಿ, ಸಮಾರಂಭದ ಸಮಯವನ್ನು ಯಾರು, ಯಾವ ಕಾರಣಕ್ಕೆ ಗೊತ್ತು ಮಾಡಿದರು ಎಂಬುದು ಬರೆಹದಲ್ಲಿರಲಿ, ಅದಕ್ಕೆ ಸಹಿ ಹಾಕಿದವರು ಅಧಿಕಾರಿಯಲ್ಲ, ಮಂತ್ರಿಯಾಗಿರಲಿ. ಖಾರಘರದ ಸಮಾರಂಭದ ಹೊತ್ತು ಯಾರ ಅನುಕೂಲಕ್ಕೆ ನಿಗದಿಯಾಯಿತು ಎಂದು ವಿರೋಧ ಪಕ್ಷದವರು ಅಂದು ಕೂಗಾಡಿದರು. ಆ ಒಂದು ಕಾಗದ ಇದ್ದಿದ್ದರೆ ಕೂಗಾಟದ ಅಗತ್ಯವೇ ಇರುತ್ತಿರಲಿಲ್ಲ.

ಇವೆಲ್ಲ ಸಣ್ಣ ಮಾತು ಎಂದು ಅನ್ನಿಸಬಹುದು. ನಾಯಕತ್ವದಂಥ ದೊಡ್ಡ ವಿಷಯ ಚಪ್ಪರ, ಕೊಡ, ಗಡಿಯಾರಕ್ಕೆ ಬಂದು ಇಳಿಯಿತೇ ಎಂದು. ಇಳಿಯಲೇಬೇಕು. ದೊಡ್ಡ ಮಾತುಗಳಲ್ಲಿ ಎಲ್ಲ ನಾಯಕರೂ ಒಂದೇ ಎತ್ತರ ಕಾಣುತ್ತಾರೆ. ಅಳತೆ ಗೊತ್ತಾಗುವುದು ಕೊಡದ ಹತ್ತಿರ.

ಪ್ರತಿ ವರ್ಷ ಏಪ್ರಿಲ್ ಬರುತ್ತದೆ. ಚುನಾವಣೆ, ಜಾತ್ರೆ, ಜಯಂತಿ, ಸನ್ಮಾನ, ಯಾವುದೋ ಒಂದಕ್ಕೆ ಯಾವುದೋ ಊರಿನ ಮೈದಾನದಲ್ಲಿ ಜನ ಸೇರುತ್ತಾರೆ. ವೇದಿಕೆಯ ಮೇಲಿನಿಂದ ದೂರದೃಷ್ಟಿಯ ಬಗ್ಗೆ ಯಾರೋ ಮಾತನಾಡುತ್ತಿರುತ್ತಾರೆ. ಆಗ ಸಭಿಕರು ಮಾತು ಕೇಳುವ ಮೊದಲು ತಲೆಯೆತ್ತಿ ಒಮ್ಮೆ ಮೇಲೆ ನೋಡಲಿ, ಆಮೇಲೆ ವೇದಿಕೆಯ ಮೇಲೆ ನೋಡಲಿ. ಎರಡು ಕಡೆ ಕಾಣುವುದು ಒಂದೇ ಆಗಿರದಿದ್ದರೆ ಎದ್ದು ಮನೆಗೆ ಹೋಗಲಿ. ಖಾಲಿ ಮೈದಾನ ಕಲಿಸುವ ಪಾಠವನ್ನು ಯಾವ ನಾಯಕನೂ ಮರೆಯುವುದಿಲ್ಲ.